ಓದುಗ ೪೪೭೧ ಯಾರು

ಜನವರಿ ೬, ಸೋಮವಾರ

ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಇದು. ಪ್ರತಿ ಪುಟದ ಅಡಿಯಲ್ಲಿ ಯೂರಿಯಾದ ಜಾಹೀರಾತು. ಇರಲಿ, ಬರೆಯುವವಳೂ ನಾನೇ, ಓದುವವಳೂ ನಾನೇ.

ಹದಿನೆಂಟು ವರ್ಷ ಸರಕಾರಿ ಕಡತಗಳಲ್ಲಿ ಟಿಪ್ಪಣಿ ಬರೆದ ಕೈ. ಹಿನ್ನೆಲೆ ಬರೆಯದೆ ವಿಷಯಕ್ಕೆ ಬರಲು ನನ್ನಿಂದ ಆಗುವುದಿಲ್ಲ. ಹಿನ್ನೆಲೆ ಇಷ್ಟು: 'ಏಳನೇ ಚಂದ್ರ' ಎಂಬ ಧಾರಾವಾಹಿ ಹೋದ ವರ್ಷ ಮುಗಿಯಿತು. ಕೊನೆಯ ಕಂತಿನಲ್ಲಿ ನೌಕೆಯ ಇಂಜಿನಿಯರ್ ಅನಿಕೇತ, ಗಾಳಿ ತಯಾರಿಸುವ ಯಂತ್ರ ನಡೆಸುತ್ತ ಆ ಚಂದ್ರನ ಮೇಲೆ ಒಬ್ಬನೇ ಉಳಿದುಬಿಟ್ಟ. ಕ್ಯಾಪ್ಟನ್ ಇಳಾ ಉಳಿದವರನ್ನು ಕರೆದುಕೊಂಡು ಭೂಮಿಗೆ ಹೊರಟಳು. ಹೊರಡುವಾಗ ಒಂದು ಮಾತೂ ಆಡಲಿಲ್ಲ. ಅವ್ವ ಆಕಳಿಸಿ ಚಾನೆಲ್ ಬದಲಿಸಿದಳು. ನನಗೆ ಮಾತ್ರ ಮೂರು ದಿನ ಅನ್ನ ಸೇರಲಿಲ್ಲ.

ಮೊಬೈಲಿನಲ್ಲಿ ಕಥೆಗಳ ಆ್ಯಪ್ ಒಂದಿದೆ. ಧಾರಾವಾಹಿಗಳ ಅಭಿಮಾನಿಗಳು ಮುಗಿದ ಕಥೆಯನ್ನು ಅಲ್ಲಿ ತಮಗೆ ಬೇಕಾದಂತೆ ಮುಂದುವರಿಸುತ್ತಾರೆ. ನಾನೂ ಶುರುಮಾಡಿದೆ, 'ಬೆಳ್ಳಿಚುಕ್ಕಿ' ಎಂಬ ಹೆಸರಿನಲ್ಲಿ. ನನ್ನ ಇಳಾ ಅರ್ಧ ದಾರಿಯಿಂದ ನೌಕೆ ತಿರುಗಿಸುತ್ತಾಳೆ. ಬೆಳಿಗ್ಗೆ ರೈಲಿನಲ್ಲಿ ರಾಣೆಬೆನ್ನೂರಿನಿಂದ ಬ್ಯಾಡಗಿ ಬರುವವರೆಗೆ ಬರೆಯುತ್ತೇನೆ. ವಾರಕ್ಕೊಂದು ಅಧ್ಯಾಯ, ಮೊನ್ನೆ ಹತ್ತನೆಯದು ಹಾಕಿದೆ.

ಓದುಗರು ಬಗೆಬಗೆಯವರು. ದಾವಣಗೆರೆಯ ಕಾಲೇಜು ಹುಡುಗನೊಬ್ಬ ಅಷ್ಟು ವೇಗದ ನೌಕೆ ತಿರುಗಿಸಲು ಎಷ್ಟು ಇಂಧನ ಬೇಕೆಂದು ಲೆಕ್ಕ ಕೇಳುತ್ತಾನೆ. ಮೂವರು ಹುಡುಗಿಯರು ಪ್ರತಿ ಅಧ್ಯಾಯದ ಕೆಳಗೂ 'ಮುತ್ತು ಯಾವಾಗ' ಎಂದು ಬರೆದು ಹೋಗುತ್ತಾರೆ. ಧಾರಾವಾಹಿಯಲ್ಲಿ ಇಪ್ಪತ್ತೆಂಟರ ಇಳಾಗೆ ನಿಮ್ಮ ಕಥೆಯಲ್ಲಿ ನಲವತ್ಮೂರು ಯಾಕೆ ಎಂದು ಒಬ್ಬರು. ಆಕಾಶದಲ್ಲಿ ಕಾಲ ಬೇರೆ ರೀತಿ ಓಡುತ್ತದೆ ಎಂದು ಉತ್ತರ ಕೊಟ್ಟೆ. ನನಗೂ ನಲವತ್ಮೂರು ಎಂದು ಅವರಿಗೆ ಯಾಕೆ ಹೇಳಬೇಕು?

ಯಾರಿಗೂ ಹೇಳಿಲ್ಲ, ಹೇಳುವಂತೆಯೂ ಇಲ್ಲ. ಮದುವೆಯಾಗದ ನಿರ್ಮಲಾ ಮೇಡಂ ಮೊಬೈಲಿನಲ್ಲಿ ಪ್ರೇಮಕಥೆ ಬರೆಯುತ್ತಾಳೆ ಎಂದು ಹಾವೇರಿಯ ನಮ್ಮ ಕಚೇರಿಗೆ ಗೊತ್ತಾದರೆ ಮುಗಿಯಿತು. ಆಮೇಲೆ ನಾನು ಆ ಮೆಟ್ಟಿಲು ಹತ್ತುವುದು ಹೇಗೆ?

ಜನವರಿ ೧೦, ಶುಕ್ರವಾರ

ಸಾಜಿಯಾ ಇವತ್ತು ಒಂದು ಗಂಟೆಗೆ ಬಂದಳು. ನಮ್ಮಲ್ಲಿ ಟಪಾಲು ಸ್ಕ್ಯಾನ್ ಮಾಡಿ ನಂಬರ್ ಹಾಕುವ ಹುಡುಗಿ. ಹುಡುಗಿ ಎಂದರೂ ಇಪ್ಪತ್ತೊಂಬತ್ತು ತುಂಬಿದೆ. ಹೊರಗುತ್ತಿಗೆಯ ನೌಕರಿ, ವರ್ಷಕ್ಕೊಮ್ಮೆ ನವೀಕರಣ. ಅವಳು ಬ್ಯಾಡಗಿಯಲ್ಲಿ ರೈಲು ಹತ್ತುತ್ತಾಳೆ, ನಾನು ಜಾಗ ಹಿಡಿದಿರುತ್ತೇನೆ. ಅವಳ ಅಮ್ಮಿ ರಮಜಾನಬಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಿ ಬಿಡಿಸಿ ಕೈಯೆಲ್ಲ ಹುಣ್ಣಾಗಿವೆ. ದಾವಣಗೆರೆಯ ಚರ್ಮದ ಡಾಕ್ಟರು ಸಿಗುವುದು ಶುಕ್ರವಾರ ಮಾತ್ರ. ಹೊರಗುತ್ತಿಗೆಯವರಿಗೆ ಅರ್ಧ ದಿನದ ರಜೆ ಎಂಬುದೇ ಇಲ್ಲ. ಹೋಗಿ ಬಾ, ನಾನು ನೋಡಿಕೊಳ್ಳುತ್ತೇನೆ ಎಂದು ನಾನೇ ಹೇಳಿದ್ದೆ. ಹಾಜರಿ ಪುಸ್ತಕ ಇರುವುದು ನನ್ನ ಬಳಿ. ಅವಳ ಸಾಲು ಖಾಲಿ ಬಿಟ್ಟಿದ್ದೆ, ಬಂದು ಸಹಿ ಮಾಡಿದಳು. ತಪ್ಪೇ ಇರಬಹುದು, ಆದರೆ ಪುಸ್ತಕಕ್ಕೆ ಹುಣ್ಣಾಗುವುದಿಲ್ಲವಲ್ಲ. ಅವಳು ತಂದ ಬದನೆಕಾಯಿ ಪಲ್ಯ, ನನ್ನ ರೊಟ್ಟಿ, ಇಬ್ಬರೂ ಹಂಚಿಕೊಂಡು ಉಂಡೆವು.

ಇನ್ನೊಂದು ಸಂಗತಿ. ಬುಧವಾರ ಹೊಸ ಓದುಗರೊಬ್ಬರು ಬಂದಿದ್ದಾರೆ. ಹೆಸರಿಲ್ಲ, ಚಿತ್ರವಿಲ್ಲ, ಆ್ಯಪ್ ತಾನಾಗಿ ಕೊಡುವ 'ಓದುಗ ೪೪೭೧' ಎಂಬ ಸಂಖ್ಯೆ ಅಷ್ಟೆ. ಬರೆದದ್ದು ಹೀಗೆ: "ಇಳಾ ಊಟದ ಡಬ್ಬಿ ಬಿಚ್ಚುವ ಮುಂದ ಅತ್ಲಾಗ ಇತ್ಲಾಗ ಯಾಕ ನೋಡ್ತಾಳ? ಭಾಳ ವರ್ಷ ಒಬ್ಬಾಕಿನ ಉಂಡಾಕಿ ಇರಬೇಕು." ಓದಿ ಫೋನ್ ಬೋರಲು ಹಾಕಿದೆ. ಸಾಜಿಯಾ ಈ ಕಚೇರಿಗೆ ಬರುವ ಮುಂಚೆ ನಾನು ಹಾಗೆಯೇ ಉಣ್ಣುತ್ತಿದ್ದೆ.

ಜನವರಿ ೧೩, ಸೋಮವಾರ

ಇದು ಶಶಿಕಾಂತನ ಕೆಲಸವೇ. ಪಕ್ಕದ ಮೇಜಿನವನು, ಯಾರ ವಿಷಯದಲ್ಲಾದರೂ ಮೂಗು ತೂರಿಸದಿದ್ದರೆ ತಿಂದದ್ದು ಅರಗುವುದಿಲ್ಲ. ಇವತ್ತು ಸಾಹೇಬರನ್ನು 'ನಮ್ಮ ಕ್ಯಾಪ್ಟನ್' ಎಂದ. ಎಂದೂ ಇಲ್ಲದ್ದು ಇವತ್ತೇ ಯಾಕೆ? ಹಾಗೆ ಅಂದು ನನ್ನ ಕಡೆ ನೋಡಿ ನಕ್ಕ ಬೇರೆ.

ನಾನು ಹನ್ನೊಂದು ವರ್ಷದಿಂದ ಮೂಗರ್ಜಿಗಳ ಕಡತ ನೋಡುತ್ತಿದ್ದೇನೆ. ಹೆಸರಿಲ್ಲದೆ, ಸಹಿಯಿಲ್ಲದೆ ಇನ್ನೊಬ್ಬರ ಮೇಲೆ ಬರೆದು ಪೋಸ್ಟಿಗೆ ಹಾಕುವ ದೂರುಗಳು. ಹೇಡಿಗಳ ಕೆಲಸ. ಮುಟ್ಟಿದ ಮೇಲೆ ಕೈ ತೊಳೆಯುತ್ತೇನೆ, ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಅವುಗಳಿಂದ ಒಂದು ವಿದ್ಯೆ ಬಂದಿದೆ: ಯಾರು, ಯಾವಾಗ, ಏನು ಗೊತ್ತಿದ್ದು ಬರೆದಿದ್ದಾರೆ ಎಂದು ಅಳೆಯುವುದು. ಈ ೪೪೭೧ ನನ್ನ ಕೈಯಿಂದ ಎಲ್ಲಿ ತಪ್ಪಿಸಿಕೊಳ್ಳುತ್ತಾನೆ, ನೋಡಿಯೇ ಬಿಡೋಣ.

ಜನವರಿ ೧೭, ಶುಕ್ರವಾರ

ಸಾಜಿಯಾ ಇವತ್ತೂ ಅಮ್ಮಿಯನ್ನು ಡಾಕ್ಟರಿಗೆ ತೋರಿಸಿ ಮಧ್ಯಾಹ್ನ ಬಂದಳು. ಮುಲಾಮು ಬದಲಿಸಿದರಂತೆ, ಮೆಣಸಿನಕಾಯಿ ಮುಟ್ಟಲೇಬೇಡ ಎಂದರಂತೆ. ಮುಟ್ಟದಿದ್ದರೆ ಮನೆಯಲ್ಲಿ ಕೂಡುವ ಹೆಂಗಸಲ್ಲ ಅವಳು, ಅದು ಬೇರೆ ಮಾತು. ರೈಲ್ವೆ ಸ್ಟೇಷನ್ನಿನಿಂದ ನನಗೆ ಅಂತ ಪೇರಲಹಣ್ಣು ತಂದಿದ್ದಳು.

ಶಶಿಕಾಂತನನ್ನು ಪರೀಕ್ಷಿಸಿದೆ. 'ಏಳನೇ ಚಂದ್ರ ನೋಡುತ್ತಿದ್ದಿರೇನು' ಎಂದು ಸುಮ್ಮನೆ ಕೇಳಿದೆ. ಅವನು ಅದನ್ನು ಪಂಚಾಂಗದ ಕಾರ್ಯಕ್ರಮ ಎಂದುಕೊಂಡಿದ್ದ. ನಟನೆ ಮಾಡುವಷ್ಟು ಬುದ್ಧಿ ಅವನಿಗಿಲ್ಲ, ಕೈಬಿಟ್ಟೆ.

೪೪೭೧ರ ಸಂಗತಿ ಇನ್ನೂ ವಿಚಿತ್ರವಾಗುತ್ತಿದೆ. ಮಂಗಳವಾರ ಬಂದ ಅಭಿಪ್ರಾಯ ಪುರಾಣ ಹೇಳಿದ ಹಾಗೆ ಭಕ್ತಿಯಿಂದ ತುಂಬಿತ್ತು. ಬುಧವಾರದ್ದು ಓದಿ ನನ್ನ ಕಿವಿ ಕೆಂಪಾದವು. ಅನಿಕೇತ ಏಳು ವರ್ಷ ಒಬ್ಬನೇ ಇದ್ದವನು, ನೌಕೆ ಇಳಿದ ಮೇಲೆ ಮೊದಲು ಮಾತಾಡುತ್ತಾನೇನು ಎಂದು ಕೇಳಿತ್ತು. ಒಂದೇ ತಲೆಯಿಂದ ಇಷ್ಟು ದನಿ ಹೊರಡುವುದಿಲ್ಲ. ಗುರುತು ಸಿಗಬಾರದೆಂದು ಬೇಕೆಂದೇ ದನಿ ಬದಲಿಸುತ್ತಿದ್ದಾರೆ. ಮೂಗರ್ಜಿಯಲ್ಲೂ ಇಂಥ ಚಾಲಾಕಿ ಇರುತ್ತದೆ.

ಜನವರಿ ೨೧, ಮಂಗಳವಾರ

"ಇದನ್ನ ಬರೆಯಾಕಿ ಹೆಣ್ಣಮಗಳು. ಬಸ್ಸಿನ್ಯಾಗ, ರೈಲಿನ್ಯಾಗ ಕಿಡಕಿ ಹಂತೇಲೆ ಕುಂದ್ರಾಕಿ." ಓದುಗ ೪೪೭೧, ಮಧ್ಯಾಹ್ನ ೧.೪೦.

ಇವತ್ತು ರೈಲಿನಲ್ಲಿ ಕಿಟಕಿ ಬಿಟ್ಟು ಬಾಗಿಲ ಬಳಿ ಕೂತೆ.

ಜನವರಿ ೨೯, ಬುಧವಾರ

ಬಂದ ದಿನ, ಹೊತ್ತು ಸಾಲಾಗಿ ಬರೆದು ತಖ್ತೆ ಹಾಕಿದೆ. ಅಭಿಪ್ರಾಯಗಳೆಲ್ಲ ಬಂದಿರುವುದು ಮಧ್ಯಾಹ್ನ ಒಂದರಿಂದ ಎರಡರ ಒಳಗೆ, ಅಂದರೆ ಊಟದ ಹೊತ್ತು. ಭಾನುವಾರ ಇಲ್ಲ. ಸೋಮವಾರ ಮತ್ತು ಗುರುವಾರ ಒಂದೇ ಒಂದೂ ಇಲ್ಲ. ಹತ್ತನೇ ತಾರೀಖು ಇಲ್ಲ, ಹದಿನೇಳಕ್ಕೂ ಇಲ್ಲ.

ಸೋಮವಾರ, ಗುರುವಾರ ಊಟದ ಹೊತ್ತಿಗೆ ಬಿಲ್ಲುಗಳನ್ನು ಹಿಡಿದು ಖಜಾನೆಗೆ ಹೋಗುವವರು ಯಾರು? ಹತ್ತು ಮತ್ತು ಹದಿನೇಳಕ್ಕೆ ದಾವಣಗೆರೆಯಲ್ಲಿ ಇದ್ದವರು ಯಾರು? ಉಳಿದ ದಿನ ಉಂಡ ಮೇಲೆ ಹಿಂದಿನ ಕೋಣೆಯಲ್ಲಿ ಫೋನ್ ಹಿಡಿದು ಕೂಡುವವರು ಯಾರು? ಅಮ್ಮಿಗೆ ಫೋನ್ ಮಾಡುತ್ತೇನೆ ಎನ್ನುತ್ತಾಳೆ. ನಾನು ಎಂದಾದರೂ ಬಾಗಿಲ ಹಿಂದೆ ನಿಂತು ಕೇಳಿದ್ದೇನೆಯೇ?

ಸಾಜಿಯಾ ಅಲ್ಲ, ಆಗಿರಲಾರದು. ಆದರೆ ನನ್ನ ಪಕ್ಕದಲ್ಲಿ ಕೂತು ನನ್ನ ಮೊಬೈಲಿಗೆ ಕಣ್ಣು ಹಾಯಿಸುವಷ್ಟು ಹತ್ತಿರ ಇರುವವಳು ಅವಳೊಬ್ಬಳೇ.

ಜನವರಿ ೩೧, ಶುಕ್ರವಾರ

ಮತ್ತೆ ಡಾಕ್ಟರು. ಹೋಗಿ ಬಾ ಎಂದೆ. ಇವತ್ತೂ ೪೪೭೧ ಮಾಯ. ತಾರೀಖು ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ಸಂಜೆ ರೈಲಿನಲ್ಲಿ ಒಂದು ಬಲೆ ಹಾಸಿದೆ. ಯಾರಿಗೂ ಹೇಳದ ಒಂದು ಮಾತನ್ನು ಅವಳಿಗೆ ಹೇಳಿದೆ. ಹದಿನೈದು ವರ್ಷದ ಹಿಂದೆ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಸಿದ್ದೇಶ ಎಂಬವರು ನನ್ನನ್ನು ಕೇಳಿದ್ದರು. ಅಪ್ಪ ತೀರಿಕೊಂಡ ವರ್ಷ. ಅವ್ವ ಒಬ್ಬಳೇ ಆಗುತ್ತಾಳೆ ಎಂದು ನಾನು ಒಲ್ಲೆ ಎಂದೆ. ಬಲೆಗೆ ಎಂದು ಶುರುಮಾಡಿದ್ದು, ಹೇಳುತ್ತ ಹೇಳುತ್ತ ಬಲೆಯೇ ಮರೆತುಹೋಯಿತು. ಸಾಜಿಯಾ ಬ್ಯಾಡಗಿ ಬರುವವರೆಗೆ ನನ್ನ ಕೈ ಹಿಡಿದುಕೊಂಡಿದ್ದಳು. ಒಳ್ಳೆಯ ನಟಿ ಇದ್ದಾಳು. ನೋಡೋಣ.

ಫೆಬ್ರುವರಿ ೫, ಬುಧವಾರ

ಸಿಕ್ಕಿಬಿದ್ದಳು.

"ಆ ಇಳಾನ್ನ ಹಿಂದ ಯಾರೋ ಕೇಳಿರಬೇಕು. ಮನಿಯಾಗ ತಾಯಿ ಒಬ್ಬಾಕಿ ಆಗ್ತಾಳ ಅಂತ ಒಲ್ಲೆ ಅಂದಿರಬೇಕು. ಇಲ್ಲಂದ್ರ ಇಷ್ಟು ದೂರ ಬಂದಾಕಿ ಹಡಗ ತಿರುಗಸೂದಿಲ್ಲ." ಓದುಗ ೪೪೭೧, ಮಧ್ಯಾಹ್ನ ೧.೨೫.

ಕಥೆಯಲ್ಲಿ ನಾನು ಇದನ್ನು ಎಲ್ಲಿಯೂ ಬರೆದಿಲ್ಲ. ಹೇಳಿದ್ದು ಒಬ್ಬಳಿಗೆ. ಐದೇ ದಿನ.

ನನ್ನ ರೊಟ್ಟಿ ತಿಂದು, ನನ್ನ ಕೈ ಹಿಡಿದು, ಹಿಂದಿನ ಕೋಣೆಯಲ್ಲಿ ಕೂತು ನನ್ನನ್ನೇ ಆಡಿಸುತ್ತಿದ್ದಾಳೆ. ಶಶಿಕಾಂತನಿಗೂ ಹೇಳಿರುತ್ತಾಳೆ. ಇಡೀ ಕಚೇರಿ ನನ್ನ ಬೆನ್ನ ಹಿಂದೆ ನಗುತ್ತಿರಬೇಕು. ಇವತ್ತು ಜವಾನ ಚಹಾ ಕೊಡುವಾಗಲೂ ನಕ್ಕ.

ಫೆಬ್ರುವರಿ ೭, ಶುಕ್ರವಾರ

ಹದಿನೈದನೇ ಅಧ್ಯಾಯ ಹಾಕಲಿಲ್ಲ. ಇನ್ನು ಹಾಕುವುದೂ ಇಲ್ಲ. ದಾಖಲೆ ಕೋಣೆಯಲ್ಲಿ ಕೂತು ಡಬ್ಬಿ ಬಿಚ್ಚಿ ಉಂಡೆ. ಸದರಿಯವಳು ಬಂದು, ಆರಾಮ ಇಲ್ಲೇನ್ರಿ ಅಕ್ಕಾರ ಎಂದು ಕೇಳಿದಳು. ಆರಾಮ ಇದ್ದೇನೆ ಎಂದೆ.

ಫೆಬ್ರುವರಿ ೧೩, ಗುರುವಾರ

ಅಧ್ಯಾಯ ಎಲ್ಲಿ ಎಂದು ನಲವತ್ತಕ್ಕೂ ಹೆಚ್ಚು ಜನ ಕೇಳಿದ್ದಾರೆ. ಇಂಧನದ ಲೆಕ್ಕದ ಹುಡುಗ ತಾನು ಹೇಳಿದ್ದಕ್ಕೆ ಬೇಸರವಾಯಿತೇ ಎಂದು ಕ್ಷಮೆ ಕೇಳಿದ್ದಾನೆ. ೪೪೭೧ ನಿನ್ನೆ ಬರೆದದ್ದು: "ಅಕ್ಕಾರ, ಆರಾಮ ಅದೀರಿಲ್ಲೋ?" ಅದೇ 'ಅಕ್ಕಾರ', ಅದೇ 'ಆರಾಮ'. ಇನ್ನೇನು ಸಾಕ್ಷಿ ಬೇಕು!

ರೈಲಿನಲ್ಲಿ ಬೋಗಿ ಬದಲಿಸಿ ಕೂಡುತ್ತೇನೆ. ಬ್ಯಾಡಗಿಯಲ್ಲಿ ಸದರಿಯವಳು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಿಟಕಿಗಳನ್ನು ನೋಡುತ್ತ ನಡೆಯುವುದು ಕಾಣಿಸುತ್ತದೆ. ತಲೆ ತಗ್ಗಿಸುತ್ತೇನೆ.

ಫೆಬ್ರುವರಿ ೧೭, ಸೋಮವಾರ

ಹೊರಗುತ್ತಿಗೆ ನೌಕರರ ನವೀಕರಣದ ಪಟ್ಟಿ ಇದೇ ಇಪ್ಪತ್ತೆಂಟಕ್ಕೆ ಏಜೆನ್ಸಿಗೆ ಹೋಗಬೇಕು. ಪಟ್ಟಿ ತಯಾರಿಸುವುದು ನಾನು. ಯಾರ ಮೇಲಾದರೂ ದೂರಿದ್ದರೆ ಅವರ ಹೆಸರು ಬದಿಗಿಡಬೇಕೆಂದು ಸಾಹೇಬರ ಸೂಚನೆ. ಸದರಿ ಸಾಜಿಯಾಳ ಮೇಲೆ ಇಲ್ಲಿಯವರೆಗೆ ದೂರುಗಳಿಲ್ಲ.

ಫೆಬ್ರುವರಿ ೨೦, ಗುರುವಾರ

ಸಂಗತಿಗಳನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಯಿತು.

ಒಂದೇ ಹಾಳೆ. ಸದರಿ ನೌಕರಳು ಕಚೇರಿ ವೇಳೆಯಲ್ಲಿ ಮೊಬೈಲಿನಲ್ಲಿ ಇರುತ್ತಾಳೆ, ಜನವರಿ ೧೦, ೧೭ ಮತ್ತು ೩೧ರಂದು ಮಧ್ಯಾಹ್ನ ಬಂದು ಬೆಳಗಿನ ಸಹಿ ಮಾಡಿದ್ದಾಳೆ. ತಾರೀಖು ಇಲ್ಲದ ದೂರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನನ್ನಷ್ಟು ಬಲ್ಲವರಿಲ್ಲ. ನನ್ನ ಅಕ್ಷರ ಎಲ್ಲರಿಗೂ ಪರಿಚಿತ, ಆದ್ದರಿಂದ ಎಡಗೈಯಲ್ಲಿ ಬರೆದೆ. ಲಕೋಟೆಯ ಮೇಲೆ 'ಗೌಪ್ಯ' ಎಂದು ಹಾಕಿ ಹಾವೇರಿ ಬಸ್ ಸ್ಟ್ಯಾಂಡಿನ ಪೆಟ್ಟಿಗೆಗೆ ಹಾಕಿದೆ. ಗೌಪ್ಯ ಲಕೋಟೆ ಸಾಹೇಬರಿಗೆ ನೇರ ಹೋಗುತ್ತದೆ, ಅವರು ಓದದೆ ನನ್ನ ಮೇಜಿಗೆ ಕಳಿಸುತ್ತಾರೆ. ಆಮೇಲೆ ಏನು ಮಾಡಬೇಕೆಂದು ನಾನು ನೋಡುತ್ತೇನೆ. ಬೇಡವೆನಿಸಿದರೆ ಅಲ್ಲಿಗೇ ಮುಗಿಸಿದರಾಯಿತು. ಸ್ವಲ್ಪ ಹೆದರಿಕೊಳ್ಳಲಿ, ಅಷ್ಟೇ.

ಇದನ್ನು ಮೂಗರ್ಜಿ ಎನ್ನಲು ಬರುವುದಿಲ್ಲ. ಮೂಗರ್ಜಿ ಬರೆಯುವವರು ದ್ವೇಷದಿಂದ ಬರೆಯುತ್ತಾರೆ. ನಾನು ನಡೆದದ್ದನ್ನು ಬರೆದಿದ್ದೇನೆ. ಮನೆಗೆ ಬಂದು ಕೈ ತೊಳೆದು ಚಹಾ ಕುಡಿದೆ.

ಫೆಬ್ರುವರಿ ೨೨, ನಾಲ್ಕನೇ ಶನಿವಾರ, ರಜೆ

ಎಲ್ಲಿಂದ ಶುರುಮಾಡಲಿ.

ವರ್ಷದ ಖಾರಕ್ಕೆ ಮೆಣಸಿನಕಾಯಿ ತರಬೇಕಿತ್ತು. ಬ್ಯಾಡಗಿಯಲ್ಲಿ ಅಮ್ಮಿ ಕೆಲಸ ಮಾಡುವಲ್ಲಿಯೇ ಒಳ್ಳೆಯದು ಆರಿಸಿ ಕೊಡಿಸುತ್ತೇನೆ ಎಂದು ಸಾಜಿಯಾ ಸಂಕ್ರಾಂತಿಯಲ್ಲೇ ಹೇಳಿದ್ದಳು. ಅವ್ವ ಅದನ್ನು ಮರೆಯಲಿಲ್ಲ. ಹೋಗದೆ ಗತಿಯಿಲ್ಲವಾಯಿತು. ಹೋದರೆ ಅವಳ ಫೋನ್ ಒಮ್ಮೆ ಕೈಗೆ ಸಿಗಬಹುದು ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಬರೆಯಲಿ. ಸ್ಟೇಷನ್ನಿಗೆ ಬಂದಿದ್ದಳು. ಎರಡು ವಾರ ಮುಖ ತಿರುಗಿಸಿಕೊಂಡು ಓಡಾಡಿದ ನನ್ನನ್ನು ಏನೂ ಕೇಳಲಿಲ್ಲ, ಚೀಲ ಕೈಯಿಂದ ತೆಗೆದುಕೊಂಡಳು.

ಮಾರುಕಟ್ಟೆಯ ಹಿಂದೆ ತಗಡಿನ ಶೆಡ್ಡು. ಒಳಗೆ ಹೋಗುತ್ತಲೇ ಕೆಮ್ಮು ಹತ್ತಿತು. ಇಪ್ಪತ್ತೈದು ಮೂವತ್ತು ಹೆಂಗಸರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೆಂಪು ರಾಶಿಗಳ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಬಾಗಿಲ ಬೆಳಕಿನಲ್ಲಿ ಗೋಣಿಚೀಲದ ಮೇಲೆ ರಮಜಾನಬಿ. ಕೈಗೆ ಬಿಳಿ ಮುಲಾಮು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ಫೋನ್. ಗಟ್ಟಿಯಾಗಿ ಓದುತ್ತಿದ್ದಳು.

"ಇಳಾ ನೌಕೆಯ ಗಾಜಿಗೆ ಹಣೆ ಹಚ್ಚಿದಳು. ಆ ಚಂದ್ರ ಇನ್ನೂ ಒಂದು ಸಾಸಿವೆ ಕಾಳಿನಷ್ಟೇ ಇತ್ತು."

ನನ್ನ ವಾಕ್ಯ. ಐದನೇ ಅಧ್ಯಾಯ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ.

ಸಾಜಿಯಾ ನಗುತ್ತ ಎಲ್ಲ ಹೇಳಿದಳು. ಅಮ್ಮಿ ಏಳನೇ ತರಗತಿವರೆಗೆ ಓದಿದ್ದಾಳೆ. ಹೊಸ ವರ್ಷದ ಹೊತ್ತಿಗೆ ಕೈ ಹುಣ್ಣಾಗಿ ಕಾಯಿ ಮುಟ್ಟಲು ಆಗದಾದ ಮೇಲೂ ಮನೆಯಲ್ಲಿ ಕೂಡಲು ಒಪ್ಪಲಿಲ್ಲ. ಆಗ ಶೆಡ್ಡಿನ ಹೆಂಗಸರೇ ಒಂದು ಏರ್ಪಾಡು ಮಾಡಿಕೊಂಡರು. ಕೂಲಿ ತೂಕದ ಮೇಲೆ. ತೊಟ್ಟು ಬಿಡಿಸಿದ್ದರಲ್ಲಿ ಒಬ್ಬೊಬ್ಬರೂ ಒಂದೊಂದು ಬೊಗಸೆ ಅಮ್ಮಿಯ ಬುಟ್ಟಿಗೆ ಹಾಕುತ್ತಾರೆ, ಅಮ್ಮಿ ಅವರಿಗೆ ಕಥೆ ಓದಬೇಕು. 'ಏಳನೇ ಚಂದ್ರ' ಇವರೂ ನೋಡಿದ್ದರು, ಅನಿಕೇತನಿಗೆ ಮುಂದೇನಾಯಿತು ಎಂದು ಹುಡುಕಿದಾಗ ಬೆಳ್ಳಿಚುಕ್ಕಿಯ ಕಥೆ ಸಿಕ್ಕಿತಂತೆ. ಖಾರದ ಕೈಯಿಂದ ಬೇರೆ ಯಾರೂ ಫೋನ್ ಮುಟ್ಟುವಂತಿಲ್ಲ. ಊಟದ ಹೊತ್ತಿಗೆ ಅಭಿಪ್ರಾಯ ಬರೆಸುವುದು ಪಾಳಿಯ ಮೇಲೆ, ದಿನಕ್ಕೊಬ್ಬರು. ಅಮ್ಮಿ ಡಾಕ್ಟರಿಗೆ ಹೋದ ದಿನ ಕಥೆಯಿಲ್ಲ, ಬರೆಸುವುದೂ ಇಲ್ಲ. ಸೋಮವಾರ, ಗುರುವಾರ ಪೇಟೆಯ ದಿನ, ಉಸಿರಾಡಲೂ ಪುರುಸೊತ್ತಿಲ್ಲ.

ಸೋಮವಾರ, ಗುರುವಾರ. ನಾನು ಈ ರೈಲಿನಲ್ಲಿ ಹದಿನೆಂಟು ವರ್ಷ ಓಡಾಡಿದ್ದೇನೆ. ಆ ಎರಡು ದಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಪೇಟೆ ಎಂದು ನನ್ನ ಊರಿನ ಮಕ್ಕಳಿಗೂ ಗೊತ್ತು.

ನೀನೂ ಓದುತ್ತೀಯಾ ಎಂದು ಸಾಜಿಯಾಳನ್ನು ಕೇಳಿದೆ. ಆ ಆಕಾಶದ ವ್ಯವಹಾರ ನನಗೆ ತಿಳಿಯುವುದಿಲ್ಲ ಎಂದಳು. ಮಧ್ಯಾಹ್ನ ಫೋನ್ ಮಾಡಿದಾಗ ಅಮ್ಮಿ ತನ್ನ ಕೈ ಹೇಗಿದೆ ಎಂದು ಹೇಳುವ ಬದಲು ಇಳಾ ಎಲ್ಲಿಗೆ ಬಂದಳು ಎಂದು ಹೇಳುತ್ತಾಳಂತೆ.

ಹೊಸ ಅಧ್ಯಾಯ ಬರದ ಕಾರಣ ಮೊದಲಿನಿಂದ ಓದುತ್ತಿದ್ದಾರೆ. ರಮಜಾನಬಿ ನನ್ನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಹೇಳಿದಳು: "ಬರೆಯಾಕಿಗೆ ನಾವ ಏನರ ಹೆಚ್ಚುಕಡಿಮಿ ಅಂದೇವೇನೋ ಅಂತ ಒಂದು ವಾರ ನಮ್ಮ ನಮ್ಮೊಳಗ ಜಗಳ ಆಗ್ಯಾವ್ರಿ ಅಕ್ಕಾರ. ಆ ಗಂಡಸಿನ ಮಾತು ಬರಸಿದಾಕಿನ್ನ ಎಲ್ಲಾರೂ ಬೈದೇವಿ." ಮೂಲೆಯಲ್ಲಿ ಒಬ್ಬಳು ಬಟ್ಟೆಯೊಳಗೇ ನಕ್ಕು ತಲೆ ತಗ್ಗಿಸಿದಳು.

ತಾಯಿ ಒಬ್ಬಳೇ ಆಗುತ್ತಾಳೆ ಎಂಬ ಮಾತು ಬರೆಸಿದವರು ಯಾರು ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ. ಕಾಗಿನೆಲೆ ಕಡೆಯ ಮುದುಕಿ ಕೆಂಚವ್ವ ಕೈಯೆತ್ತಿದಳು. ನಿನಗೆ ಅದು ಹೇಗೆ ಗೊತ್ತಾಯಿತು ಎಂದೆ.

"ಗೊತ್ತಾಗೂದೇನೈತ್ರಿ ಅದರಾಗ? ನಂದ ಹಂಗ ಆತು. ಅಂಥಾಕಿ ಮಾತು ಅಂಥಾಕಿಗೆ ತಿಳಿತೈತಿ" ಎಂದಳು. ಕೈ ನಿಲ್ಲಿಸಲಿಲ್ಲ, ತೊಟ್ಟು ಬಿಡಿಸುತ್ತಲೇ ಇದ್ದಳು.

ನೀವು ಈ ಕಥೆ ಓದಿದ್ದೀರಾ ಎಂದು ಯಾರೋ ಕೇಳಿದರು. ಇಲ್ಲ ಎಂದೆ.

ನನಗೆ ನಾಚಿಕೆಯಾಗುತ್ತಿದೆ. ಕಾಯಿ ಕಟ್ಟಿಸಿಕೊಂಡು ಬಂದೆ, ರಮಜಾನಬಿ ದುಡ್ಡು ತೆಗೆದುಕೊಳ್ಳಲಿಲ್ಲ. ಸಾಜಿಯಾ ರೈಲು ಹೊರಡುವವರೆಗೆ ನಿಂತಿದ್ದಳು. ಆ ಕಾಗದ ಪೋಸ್ಟಿನಲ್ಲಿದೆ. ಸೋಮವಾರ ಏನೇ ಆಗಲಿ ಅದನ್ನು ಹಿಡಿಯಬೇಕು. ದೇವರೇ, ಅದು ನನ್ನ ಮೇಜಿಗೇ ಬರಲಿ.

ಫೆಬ್ರುವರಿ ೨೪, ಸೋಮವಾರ

ಮೊದಲ ರೈಲಿಗೆ ಹೋದೆ, ಬಾಗಿಲು ತೆಗೆಯುವ ಮುಂಚೆ. ಪೋಸ್ಟ್‌ಮ್ಯಾನನಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೇಟಿನಲ್ಲಿ ಕಾದೆ. ಲಕೋಟೆ ಶುಕ್ರವಾರ ಸಂಜೆಯೇ ಬಂದಿತ್ತಂತೆ.

ಸಾಹೇಬರು ಎಂದಿನಂತೆ ಓದದೆ ಕಳಿಸಿದ್ದರು. ಆದರೆ ನನ್ನ ಮೇಜಿಗಲ್ಲ. ಈ ತಿಂಗಳಿಂದ ಗೌಪ್ಯ ಕಾಗದವನ್ನೂ ಕಂಪ್ಯೂಟರಿಗೆ ಏರಿಸಬೇಕೆಂದು ಸುತ್ತೋಲೆ ಇದೆ. ಆ ಸುತ್ತೋಲೆಗೆ ನಂಬರ್ ಹಾಕಿಸಿ ಕಡತದಲ್ಲಿ ಇಟ್ಟವಳು ನಾನೇ. ಇಟ್ಟದ್ದನ್ನು ಓದಬೇಕಿತ್ತು. ಹತ್ತೂವರೆಗೆ ಸಾಜಿಯಾ ತನ್ನ ಮೇಲಿನ ದೂರನ್ನು ತಾನೇ ಸ್ಕ್ಯಾನ್ ಮಾಡಿದಳು. ಒಮ್ಮೆ ಏರಿಸಿದ್ದನ್ನು ಅಳಿಸಲು ಬರುವುದಿಲ್ಲ. ಹನ್ನೊಂದಕ್ಕೆ ಅದು ಸಾಹೇಬರ ಪರದೆಯ ಮೇಲೆ ಕಾಣಿಸಿತು, ತಾರೀಖುಗಳಿರುವುದರಿಂದ ಪರಿಶೀಲಿಸಿ ಮಂಡಿಸಿ, ಅಲ್ಲಿಯವರೆಗೆ ಪಟ್ಟಿಯಿಂದ ಹೆಸರು ತೆಗೆದಿಡಿ ಎಂದು ಬರೆದರು.

ಕಾಗದವನ್ನು ನನ್ನ ಮೇಜಿಗೆ ತಂದಿಟ್ಟವಳೂ ಅವಳೇ. ನಂಬರ್ ಹಾಕಿದ್ದೇನೆ ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಇದು ಯಾರ ಕೆಲಸವೆಂದು ನೋಡುತ್ತೇನೆ ಎಂದು ಏನೋ ತೊದಲಿದೆ. ಅವಳು ಬೆರಳನ್ನು ಆ ಸಾಲಿನ ಮೇಲಿಟ್ಟಳು.

"ಈ ಮೂರು ತಾರೀಖು ನಿಮಗೊಬ್ಬರಿಗೆ ಗೊತ್ತಿದ್ದವ್ರಿ, ಅಕ್ಕಾರ." ಆಮೇಲೆ ಕೇಳಿದಳು: "ನಾ ಏನ ಮಾಡಿದ್ದೆ ನಿಮಗ?"

ಏನೆಂದು ಹೇಳಲಿ? ಇಳಾಳ ಬಗ್ಗೆ ನಿಮ್ಮ ಅಮ್ಮಿ ಆಡಿದ ಮಾತಿಗೆ ನಿನ್ನ ಅನ್ನ ಕಿತ್ತುಕೊಂಡೆ ಎಂದೇ? ಅವಳು ಹೋಗಿ ತನ್ನ ಜಾಗದಲ್ಲಿ ಕೂತು ಮುಂದಿನ ಲಕೋಟೆ ಒಡೆದಳು. ಮಧ್ಯಾಹ್ನ ಖಜಾನೆಗೆ ಹೋದಳು, ಊಟದ ಡಬ್ಬಿ ಬಿಚ್ಚಿರಲಿಲ್ಲ. ಸಂಜೆ ರೈಲಿನಲ್ಲಿ ಕಾಣಿಸಲಿಲ್ಲ, ಬಸ್ಸಿಗೆ ಹೋಗಿರಬೇಕು.

ಮುಗಿಸುವ ದಾರಿ ಇದೆ. ಹೆಸರಿಲ್ಲದ ದೂರು, ಆಧಾರವಿಲ್ಲ ಎಂದು ನಾಲ್ಕು ಸಾಲು ಬರೆದರೆ ಸಾಹೇಬರು ಸಹಿ ಹಾಕಿಯಾರು. ಆದರೆ ಹಾಜರಿ ಪುಸ್ತಕ ತೆಗೆಸಿದರೆ ಮೂರೂ ದಿನ ನಿಜವೆಂದು ತಿಳಿಯುತ್ತದೆ, ಕೆಲಸ ಅವಳದ್ದೇ ಹೋಗುತ್ತದೆ. ಸಾಲು ಖಾಲಿ ಬಿಟ್ಟವಳು ನಾನು ಎಂದು ನಾನೇ ಹೇಳದೆ ಅವಳು ಉಳಿಯುವುದಿಲ್ಲ. ಅದನ್ನು ಹೇಳಿದರೆ ದೂರು ಬರೆದವರು ಯಾರೆಂದೂ ಹೇಳಬೇಕು. ಯಾಕೆ ಬರೆದೆ ಎಂದು ಕೇಳಿದರೆ ಕಥೆಯನ್ನೂ ಹೇಳಬೇಕು. ಶಶಿಕಾಂತನಿಗೆ ಹಬ್ಬ.

ಅವ್ವ ಮೆಣಸಿನಕಾಯಿಯನ್ನು ಅಂಗಳದಲ್ಲಿ ಹರವಿದ್ದಾಳೆ. ಇಷ್ಟು ಒಳ್ಳೆಯ ಬಣ್ಣ ಹತ್ತು ವರ್ಷದಲ್ಲಿ ನೋಡಿಲ್ಲ ಎಂದಳು. ಅಡಿಗೆಮನೆಗೆ ಹೋಗಿ ಅತ್ತೆ.

ಫೆಬ್ರುವರಿ ೨೫, ಮಂಗಳವಾರ

ಬೆಳಿಗ್ಗೆ ರೈಲಿನಲ್ಲಿ ಬರೆದೆ, ಬಲಗೈಯಲ್ಲಿ. ಮೂರೂ ದಿನ ತಡವಾಗಿ ಬರಲು ಅನುಮತಿ ಕೊಟ್ಟವಳು, ಹಾಜರಿ ಪುಸ್ತಕದಲ್ಲಿ ಜಾಗ ಬಿಟ್ಟವಳು ನಾನು. ಅವಳ ತಾಯಿಯ ಚಿಕಿತ್ಸೆಗೆಂದು ಬಿಟ್ಟೆ. ದೂರಿನ ಕಾಗದ ಬರೆದವಳೂ ನಾನೇ. ನಾನು ಬೆಳ್ಳಿಚುಕ್ಕಿ ಎಂಬ ಹೆಸರಿನಲ್ಲಿ ಮೊಬೈಲಿನಲ್ಲಿ ಒಂದು ಪ್ರೇಮಕಥೆ ಬರೆಯುತ್ತೇನೆ, ಅದಕ್ಕೆ ಬಂದ ಅಭಿಪ್ರಾಯಗಳನ್ನು ಈಕೆಯೇ ಬರೆಯುತ್ತಿದ್ದಾಳೆಂದು ತಪ್ಪು ತಿಳಿದೆ. ಈಕೆಯದು ಏನೂ ತಪ್ಪಿಲ್ಲ, ಪಟ್ಟಿಯಲ್ಲಿ ಹೆಸರು ಸೇರಿಸಬೇಕು, ನನ್ನ ಮೇಲೆ ಯಾವ ಕ್ರಮಕ್ಕೂ ಸಿದ್ಧಳಿದ್ದೇನೆ. ಇಷ್ಟು ಬರೆಯುವಷ್ಟರಲ್ಲಿ ಬ್ಯಾಡಗಿ ಬಂತು, ಹೋಯಿತು. ಪಕ್ಕದಲ್ಲಿ ಜಾಗ ಹಿಡಿದಿದ್ದೆ. ಅವಳು ಬೇರೆ ಬೋಗಿಗೆ ಹತ್ತಿದಳು.

ಸಾಹೇಬರ ಕೈಗೇ ನೇರ ಕೊಟ್ಟುಬಿಡಬಹುದಿತ್ತು. ಕೊಡಲಿಲ್ಲ. ಸಾಜಿಯಾಳ ಮೇಜಿನ ಮುಂದೆ ನಿಂತು ಇದನ್ನು ಟಪಾಲಿಗೆ ತೆಗೆದುಕೋ ಎಂದೆ. ಪಕ್ಕದಲ್ಲಿ ಶಶಿಕಾಂತನ ಪೆನ್ನು ನಿಂತದ್ದು ಗೊತ್ತಾಯಿತು, ನಾನು ತಿರುಗಿ ನೋಡಲಿಲ್ಲ.

ಅವಳು ಮೊದಲಿನಿಂದ ಕೊನೆಯವರೆಗೆ ಓದಿದಳು. ಬೆಳ್ಳಿಚುಕ್ಕಿ ಎಂಬಲ್ಲಿ ಕಣ್ಣು ನಿಂತಿತು. ತಿರುಗಿ ಮೇಲಿನಿಂದ ಓದಿದಳು. ಏನಾದರೂ ಅನ್ನುತ್ತಾಳೆ ಎಂದು ಕಾದೆ, ಬೈದರೂ ಸರಿ. ಅವಳು ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟಳು. ತಲೆ ಎತ್ತಲಿಲ್ಲ.

"ಹೆಸರು ಇಲ್ರಿ ಇದರಾಗ, ಸಹೀನೂ ಇಲ್ಲ. ಹೆಸರಿಲ್ಲದ್ದು ನಾ ತಗೊಳ್ಳಾಂಗಿಲ್ಲ" ಎಂದಳು.

ನೋಡಿದೆ. ಖರೇ. ಎಲ್ಲ ಬರೆದಿದ್ದೆ, ಹೆಸರೊಂದನ್ನು ಬಿಟ್ಟು. ಪೆನ್ನು ಕೇಳಿದೆ, ಅವಳು ತನ್ನದನ್ನೇ ಕೊಟ್ಟಳು. ನಿರ್ಮಲಾ ಎಂದು ಬರೆದು, ಹುದ್ದೆ ಬರೆದು, ರಾಣೆಬೆನ್ನೂರಿನ ಮನೆಯ ವಿಳಾಸ ಬರೆದು, ಸಹಿ ಮಾಡಿ, ತಾರೀಖು ಹಾಕಿದೆ. ಸಾಜಿಯಾ ಅದನ್ನು ತೆಗೆದುಕೊಂಡು ನಂಬರ್ ಹಾಕಿದಳು.